ಕಬ್ಬಿಣಕ್ಕೆ ಪ್ಲಾಟಿನಮ್ಮಿನ ಕೆಲಸ ಒಪ್ಪಿಸಬಹುದೇ?

ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ತಾಮ್ರದಂತಹ ಹೇರಳವಾಗಿ ಸಿಗುವ ಲೋಹಗಳನ್ನು ವೇಗವರ್ಧಕಗಳಾಗಿ ಬಳಸಿ, ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧವಿರುವ ಆಲ್ಕೀನ್ ಅಣುವಿನಲ್ಲಿ ಬೇಕಾದ ಜಾಗದಲ್ಲೇ ಬೇಕಾದ ಗುಂಪನ್ನು ಕೂಡಿಸುವ ಸಂಶೋಧನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಗಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಆಲ್ಕೀನ್‌ಗಳು ತಾವಾಗಿಯೇ ಚುರುಕಾಗಿ ವರ್ತಿಸುವ ಸಂಯುಕ್ತಗಳೆಂದು ಮಕ್ಕಳಿಗೆ ಕಲಿಸುತ್ತೇವೆ. ಬ್ರೋಮಿನ್ ನೀರು ಬಿದ್ದೊಡನೆ ಬಣ್ಣ ಮಾಯವಾಗುವುದನ್ನು ತೋರಿಸುತ್ತೇವೆ. ಹೀಗಿರುವಾಗ ಇವುಗಳಿಗೆ ವೇಗವರ್ಧಕ ಏಕೆ ಬೇಕು? (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ)

ಉತ್ತರ: ಬಣ್ಣ ಮಾಯವಾಗುವುದರಲ್ಲಿ ಆಲ್ಕೀನಿನ ಚುರುಕುತನ ಎಷ್ಟಿದೆಯೋ ಬ್ರೋಮಿನ್ನಿನ ಆತುರವೂ ಅಷ್ಟೇ ಇದೆ. ಬ್ರೋಮಿನ್ನಿನ ಬದಲು ಹೈಡ್ರೋಜನ್ ಅನಿಲವನ್ನು ತುಂಬಿ ಕುಪ್ಪಿಯ ಬಾಯಿ ಮುಚ್ಚಿಟ್ಟರೆ, ಸಾಮಾನ್ಯ ತಾಪದಲ್ಲಿ ವರ್ಷಗಟ್ಟಲೆ ಕಾದರೂ ಎರಡೂ ಇದ್ದಂತೆಯೇ ಇರುತ್ತವೆ. ಕಾರ್ಬನ್ ಮಾನಾಕ್ಸೈಡ್, ಅಮೀನ್‌ಗಳು, ಸಿಲಿಕಾನ್‌ಗೆ ಹೈಡ್ರೋಜನ್ ಅಂಟಿರುವ ಸಿಲೇನ್‌ಗಳು, ಇವೆಲ್ಲವೂ ಸರಳ ಆಲ್ಕೀನಿನ ಪಕ್ಕದಲ್ಲಿ ಸುಮ್ಮನೆ ಕುಳಿತಿರುವಂಥವೇ. ದ್ವಿಬಂಧ ಬಿಚ್ಚಿಕೊಂಡು ಹೊಸ ಬಂಧಗಳು ಕೂಡಿದರೆ ಶಕ್ತಿಯ ಲೆಕ್ಕದಲ್ಲಿ ಲಾಭವಿದೆ ನಿಜ, ಆದರೆ ಆ ಲಾಭ ದಕ್ಕಬೇಕಾದರೆ ನಡುವೆ ದಾಟಬೇಕಾದ ದಿಬ್ಬ ತುಂಬ ಎತ್ತರವಾಗಿದೆ.

ವೇಗ ಒಂದು ಕಾರಣ ಮಾತ್ರ. ಜಾಗದ ಆಯ್ಕೆ ಅದಕ್ಕಿಂತ ದೊಡ್ಡ ಕಾರಣ. 1-ಆಕ್ಟೀನ್ ಎಂಬ ಎಂಟು ಕಾರ್ಬನ್‌ಗಳ ಸರಪಳಿಯನ್ನು ತೆಗೆದುಕೊಳ್ಳಿ. ಅದರ ದ್ವಿಬಂಧ ಒಂದನೆಯ ಮತ್ತು ಎರಡನೆಯ ಕಾರ್ಬನ್‌ಗಳ ನಡುವೆ ಇರುತ್ತದೆ. ಹೊಸ ಗುಂಪು ತುದಿಯ ಕಾರ್ಬನ್ನಿಗೆ ಸೇರಿದರೆ ಒಂದು ಪದಾರ್ಥ, ಅದರ ಪಕ್ಕದ ಕಾರ್ಬನ್ನಿಗೆ ಸೇರಿದರೆ ಇನ್ನೊಂದು. ಪಕ್ಕದ ಕಾರ್ಬನ್ನಿಗೆ ಸೇರುವಾಗಲೂ ದ್ವಿಬಂಧದ ಯಾವ ಮುಖದಿಂದ ಸೇರಿತು ಎಂಬುದರ ಮೇಲೆ ಎಡಗೈ ಬಲಗೈಗಳಂತೆ ಪರಸ್ಪರ ಕನ್ನಡಿಯ ಬಿಂಬಗಳಾದ ಎರಡು ಅಣುಗಳು ಸಾಧ್ಯ. ಲಿಮೊನೀನ್‌ನಂತೆ ಒಂದೇ ಅಣುವಿನಲ್ಲಿ ಎರಡು ದ್ವಿಬಂಧಗಳಿದ್ದರೆ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಬ್ರೋಮಿನ್ನಿಗೆ ಇಂತಹ ಯಾವ ವಿವೇಚನೆಯೂ ಇಲ್ಲ, ಅದು ಸಿಕ್ಕ ದ್ವಿಬಂಧವನ್ನೆಲ್ಲ ಹಿಡಿಯುತ್ತದೆ. ಲೋಹದ ಸುತ್ತ ತಕ್ಕ ಲಿಗಾಂಡನ್ನು, ಅಂದರೆ ಲೋಹವನ್ನು ಹಿಡಿದುಕೊಳ್ಳುವ ಅಣುವನ್ನು, ಕಟ್ಟಿದರೆ ಆ ವಿವೇಚನೆಯನ್ನು ಹೊರಗಿನಿಂದ ತಂದುಕೊಡಬಹುದು. ಕಳೆದ ಸಂಚಿಕೆಯ ಟಿಪ್ಪಣಿಯಲ್ಲಿ ‘ಆಯ್ಕೆಶೀಲ’ ಎಂಬ ಪದಕ್ಕೆ ಇದ್ದ ಅರ್ಥ ಇದೇ.

ಪ್ರಶ್ನೆ: ಕಬ್ಬಿಣ ಸಾವಿರಾರು ವರ್ಷಗಳಿಂದ ಕಣ್ಣೆದುರಿಗೇ ಇದೆ. ರಸಾಯನಶಾಸ್ತ್ರಜ್ಞರು ಅದನ್ನು ಬಿಟ್ಟು ಪ್ಲಾಟಿನಮ್, ರೋಡಿಯಮ್‌ಗಳ ಬೆನ್ನು ಹತ್ತಿ, ಈಗ ಇದ್ದಕ್ಕಿದ್ದಂತೆ ಕಬ್ಬಿಣದ ಗುಣಗಾನ ಮಾಡುವುದು ಫ್ಯಾಷನ್ ಅಲ್ಲವೇ? (ನಿವೃತ್ತ ಅಧ್ಯಾಪಕರು)

ಉತ್ತರ: ಫ್ಯಾಷನ್ನಿನ ಅಂಶ ಸ್ವಲ್ಪ ಇದೆ ಎಂದು ಒಪ್ಪುತ್ತೇನೆ. ಆದರೆ ತಮ್ಮ ಪತ್ರದಲ್ಲಿರುವ ಚರಿತ್ರೆ ತಿರುಗುಮುರುಗಾಗಿದೆ. ಆಲ್ಕೀನ್‌ಗಳ ಕಾರ್ಖಾನೆ ಕ್ರಮಗಳಲ್ಲಿ ಮೊದಲು ನೆಲೆಯೂರಿದ್ದು ಸಾಮಾನ್ಯ ಲೋಹಗಳೇ. ನಿಕ್ಕಲ್ಲಿನ ಪುಡಿಯ ಮೇಲೆ ಆಲ್ಕೀನ್‌ಗಳಿಗೆ ಹೈಡ್ರೋಜನ್ ಸೇರಿಸುವ ವಿಧಾನಕ್ಕಾಗಿ ಪಾಲ್ ಸಬಾಟಿಯೇ 1912ರಲ್ಲಿ ನೊಬೆಲ್ ಪಡೆದರು. ಅದೇ ತತ್ತ್ವದಿಂದ ಎಣ್ಣೆಯನ್ನು ಗಟ್ಟಿ ಕೊಬ್ಬಾಗಿಸುವ ಕ್ರಮಕ್ಕೆ ವಿಲ್ಹೆಲ್ಮ್ ನಾರ್ಮನ್ 1902ರಲ್ಲೇ ಪೇಟೆಂಟ್ ಪಡೆದಿದ್ದರು. ಜರ್ಮನಿಯ ಓಟೊ ರೋಲೆನ್ 1938ರಲ್ಲಿ ಆಲ್ಕೀನಿಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್‌ಗಳನ್ನು ಒಟ್ಟಿಗೆ ಸೇರಿಸಿ ಆಲ್ಡಿಹೈಡ್ ಪಡೆದದ್ದು ಕೋಬಾಲ್ಟಿನಿಂದ. 1953ರಲ್ಲಿ ಕಾರ್ಲ್ ಝೀಗ್ಲರ್ ಎಥಿಲೀನನ್ನು ಕಡಿಮೆ ಒತ್ತಡದಲ್ಲಿ ಪಾಲಿಥೀನ್ ಆಗಿಸಿದ್ದು ಟೈಟೇನಿಯಮ್ಮಿನಿಂದ. ಆಲ್ಕೀನಿಗೆ ಸಿಲೇನ್ ಸೇರಿಸುವ, ಪ್ಲಾಟಿನಮ್ಮಿನ ಸ್ಪೀಯರ್ ವೇಗವರ್ಧಕ ಬಂದದ್ದು 1957ರಲ್ಲಿ. ರೋಡಿಯಮ್ಮಿನ ಕಾಲ ಶುರುವಾದದ್ದು 1960ರ ದಶಕದಲ್ಲಿ, ಜೆಫ್ರಿ ವಿಲ್ಕಿನ್‌ಸನ್ನರ ಕೈಯಲ್ಲಿ.

ದುಬಾರಿ ಲೋಹಗಳು ಗೆದ್ದದ್ದು ಸುಮ್ಮನೆ ಅಲ್ಲ. ರೋಲೆನ್ನರ ಕೋಬಾಲ್ಟ್ ವಿಧಾನಕ್ಕೆ ವಾಯುಮಂಡಲದ ಒತ್ತಡದ 200ರಿಂದ 300 ಪಟ್ಟು ಒತ್ತಡ ಬೇಕಾಗಿತ್ತು. ಅಷ್ಟು ಒತ್ತಡವಿಲ್ಲದಿದ್ದರೆ ಕೋಬಾಲ್ಟ್ ತಾನು ಹಿಡಿದಿದ್ದ ಕಾರ್ಬನ್ ಮಾನಾಕ್ಸೈಡನ್ನು ಬಿಟ್ಟು, ಲೋಹದ ಪದರವಾಗಿ ಪಾತ್ರೆಯ ಗೋಡೆಗೆ ಹತ್ತಿಕೊಳ್ಳುತ್ತಿತ್ತು. ಫಾಸ್ಫೀನ್ ಎಂಬ ರಂಜಕದ ಲಿಗಾಂಡ್ ಕಟ್ಟಿದ ರೋಡಿಯಮ್ ಬಂದ ಮೇಲೆ ಇಪ್ಪತ್ತು ಪಟ್ಟಿಗಿಂತ ಕಡಿಮೆ ಒತ್ತಡ ಸಾಕಾಯಿತು, ತುದಿಯ ಕಾರ್ಬನ್ನಿಗೇ ಗುಂಪು ಸೇರುವ ಪ್ರಮಾಣವೂ ಏರಿತು. ಕಾರ್ಖಾನೆ ನಡೆಸುವವರು ಇದಕ್ಕೆ ಮನಸೋತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪ್ರಯೋಗಾಲಯದವರಿಗೆ ಇನ್ನೊಂದು ಕಾರಣವೂ ಇತ್ತು. ಪ್ಲಾಟಿನಮ್, ಪೆಲ್ಲೇಡಿಯಮ್, ರೋಡಿಯಮ್‌ಗಳು ಸಾಮಾನ್ಯವಾಗಿ ಎಲೆಕ್ಟ್ರಾನ್‌ಗಳನ್ನು ಎರಡೆರಡಾಗಿ ಕೊಟ್ಟು ತೆಗೆದುಕೊಳ್ಳುತ್ತವೆ. ಅವುಗಳ ಸಂಯುಕ್ತಗಳಲ್ಲಿ ಒಂಟಿ ಎಲೆಕ್ಟ್ರಾನ್ ಉಳಿಯುವುದು ಅಪರೂಪ, ಆದ್ದರಿಂದ ಅಣುಗಳ ರಚನೆಯನ್ನು ಓದುವ ಎನ್‌ಎಂಆರ್ ಯಂತ್ರದಲ್ಲಿ ಒಂದೊಂದು ಹಂತವನ್ನೂ ಸ್ಪಷ್ಟವಾಗಿ ಓದಬಹುದು. ಕಬ್ಬಿಣ, ಕೋಬಾಲ್ಟ್‌ಗಳು ಒಂದೊಂದೇ ಎಲೆಕ್ಟ್ರಾನಿನ ವ್ಯವಹಾರಕ್ಕೂ ಸಿದ್ಧ. ಅವುಗಳ ಒಂಟಿ ಎಲೆಕ್ಟ್ರಾನ್‌ಗಳು ಎನ್‌ಎಂಆರ್ ಗೆರೆಗಳನ್ನು ಹರಡಿಬಿಡುತ್ತವೆ, ಚದುರಿಸಿಬಿಡುತ್ತವೆ. ಕುಪ್ಪಿಯೊಳಗೆ ನಡೆಯುವುದು ಕಾಣದಿದ್ದರೆ ಅದನ್ನು ತಿದ್ದುವುದು ಹೇಗೆ? ಐವತ್ತು ವರ್ಷಗಳ ಕಾಲ ಕಬ್ಬಿಣ ಹಿಂದೆ ಬಿದ್ದದ್ದಕ್ಕೆ ಅದರ ದೌರ್ಬಲ್ಯ ಎಷ್ಟು ಕಾರಣವೋ ನಮ್ಮ ಉಪಕರಣಗಳ ಕುರುಡುತನವೂ ಅಷ್ಟೇ ಕಾರಣ ಎಂದು ನನ್ನ ಅಭಿಪ್ರಾಯ.

ಇನ್ನು ಲಭ್ಯತೆಯ ಮಾತು. ಭೂಚಿಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು ಐದು ಭಾಗ ಕಬ್ಬಿಣ. ಮ್ಯಾಂಗನೀಸ್ ಸಾವಿರಕ್ಕೆ ಸುಮಾರು ಒಂದು ಭಾಗ. ನಿಕ್ಕಲ್, ತಾಮ್ರ, ಕೋಬಾಲ್ಟ್‌ಗಳು ಹತ್ತು ಲಕ್ಷಕ್ಕೆ ಕೆಲವು ಹತ್ತು ಭಾಗಗಳಷ್ಟಿವೆ. ಪ್ಲಾಟಿನಮ್ ನೂರು ಕೋಟಿಗೆ ಸುಮಾರು ಐದು ಭಾಗ, ರೋಡಿಯಮ್ ಅದಕ್ಕಿಂತಲೂ ಕಡಿಮೆ. ಅಂಥ ಪ್ಲಾಟಿನಮ್ ಎಲ್ಲಿ ಹೋಗುತ್ತಿದೆ ಎಂದು ನೋಡಬೇಕಾದರೆ ಒಂದು ಸ್ಟಿಕ್ಕರನ್ನು ಕಿತ್ತು, ಅದರ ಹಿಂದೆ ಉಳಿಯುವ ನುಣುಪಾದ ಕಾಗದದ ಮೇಲೆ ಬೆರಳಾಡಿಸಿ. ಆ ನುಣುಪು ಸಿಲಿಕೋನಿನದು. ಅದರ ಸರಪಳಿಗಳಲ್ಲಿರುವ ಆಲ್ಕೀನ್ ತುದಿಗಳಿಗೆ ಸಿಲಿಕಾನ್–ಹೈಡ್ರೋಜನ್ ಬಂಧಗಳನ್ನು ಜೋಡಿಸಿ ಆ ಪದರವನ್ನು ಗಟ್ಟಿಯಾಗಿಸಲು ಅತ್ಯಲ್ಪ ಪ್ರಮಾಣದ ಪ್ಲಾಟಿನಮ್ ಬೆರೆಸಿರುತ್ತಾರೆ. ಪದರ ಗಟ್ಟಿಯಾದ ಮೇಲೆ ಲೋಹ ಅದರೊಳಗೇ ಸಿಕ್ಕಿಕೊಳ್ಳುತ್ತದೆ, ಮರಳಿ ತೆಗೆಯಲು ಬರುವುದಿಲ್ಲ. ಸ್ಟಿಕ್ಕರ್ ಅಂಟಿಸಿ ನಾವು ಎಸೆಯುವ ಕಾಗದದ ಜೊತೆ ಅದೂ ಕಸಕ್ಕೆ ಹೋಗುತ್ತದೆ.

ಪ್ಲಾಟಿನಮ್ಮಿಗೆ ಇನ್ನೊಂದು ಚಾಳಿಯೂ ಇದೆ. 1-ಆಕ್ಟೀನನ್ನು ಕೊಟ್ಟರೆ ಅದು ಒಂದಷ್ಟು ಪಾಲಿನ ದ್ವಿಬಂಧವನ್ನು ಸರಪಳಿಯ ಒಳಕ್ಕೆ ತಳ್ಳಿಬಿಡುತ್ತದೆ. ಒಳಗಿನ ದ್ವಿಬಂಧ ಸಿಲೇನಿನ ಜೊತೆ ಬೇಗ ಸೇರುವುದಿಲ್ಲ, ಆದ್ದರಿಂದ ಆಲ್ಕೀನನ್ನು ಲೆಕ್ಕಕ್ಕಿಂತ ಹೆಚ್ಚಾಗಿ ಹಾಕಬೇಕು, ಕೊನೆಗೆ ಉಳಿದದ್ದನ್ನು ಬೇರ್ಪಡಿಸಬೇಕು. 2012ರಲ್ಲಿ ಪ್ರಿನ್ಸ್‌ಟನ್ನಿನ ಪಾಲ್ ಚಿರಿಕ್ ಅವರ ತಂಡ ಪ್ರಕಟಿಸಿದ ಕಬ್ಬಿಣದ ವೇಗವರ್ಧಕ ಎಲ್ಲರ ಗಮನ ಸೆಳೆದದ್ದು ಇದೇ ಕ್ರಿಯೆಯಲ್ಲಿ. ಅದು ಸಿಲಿಕಾನನ್ನು ತುದಿಯ ಕಾರ್ಬನ್ನಿಗೇ ಕೂಡಿಸಿತು, ದ್ವಿಬಂಧವನ್ನು ಒಳಕ್ಕೆ ಅಲೆದಾಡಿಸುವ ಗೋಜಿಗೆ ಹೋಗಲಿಲ್ಲ. ಅಗ್ಗದ ಲೋಹ ಎಂಬುದಕ್ಕಿಂತ ಈ ಶಿಸ್ತೇ ನನಗೆ ಮುಖ್ಯವಾಗಿ ಕಂಡದ್ದು.

ಪ್ರಶ್ನೆ: ಆ ಟಿಪ್ಪಣಿಯಲ್ಲಿ ‘ಲಿಗಾಂಡ್ ಎಲೆಕ್ಟ್ರಾನನ್ನು ಇಟ್ಟುಕೊಳ್ಳುತ್ತದೆ’ ಎಂಬ ವಾಕ್ಯವಿತ್ತು. ಲಿಗಾಂಡ್ ಎಂದರೆ ಲೋಹದ ಸುತ್ತಲಿನ ಬೇಲಿ ಎಂದು ತಿಳಿದಿದ್ದೆ. (ಬಿ.ಎಸ್ಸಿ. ವಿದ್ಯಾರ್ಥಿನಿ)

ಉತ್ತರ: ಬೇಲಿಯ ಕೆಲಸವನ್ನೂ ಅದು ಮಾಡುತ್ತದೆ. ಕಬ್ಬಿಣದ ಈ ವೇಗವರ್ಧಕಗಳಲ್ಲಿ ಹೆಚ್ಚು ಬಳಕೆಯಾಗುವುದು ಬಿಸ್‌ಇಮಿನೋಪಿರಿಡೀನ್ ಎಂಬ ಲಿಗಾಂಡ್. ನಡುವೆ ಒಂದು ಪಿರಿಡೀನ್ ಉಂಗುರ, ಎರಡು ಬದಿಗೆ ಎರಡು ಇಮೀನ್ ತೋಳುಗಳು, ಹೀಗೆ ಮೂರು ಸಾರಜನಕ ಪರಮಾಣುಗಳಿಂದ ಅದು ಕಬ್ಬಿಣವನ್ನು ಒಂದೇ ಸಮತಲದಲ್ಲಿ ಹಿಡಿಯುತ್ತದೆ. ಎಥಿಲೀನನ್ನು ಪಾಲಿಥೀನ್ ಆಗಿಸಲು ಕಬ್ಬಿಣ, ಕೋಬಾಲ್ಟ್‌ಗಳ ಜೊತೆ ಇದನ್ನು ಮಾರಿಸ್ ಬ್ರೂಕ್‌ಹಾರ್ಟ್ ಮತ್ತು ವರ್ನನ್ ಗಿಬ್ಸನ್ ಅವರ ತಂಡಗಳು 1998ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದವು. ತೋಳುಗಳ ತುದಿಯ ಬೆಂಜೀನ್ ಉಂಗುರಗಳಿಗೆ ದೊಡ್ಡ ಗುಂಪುಗಳನ್ನು ತೊಡಿಸಿದರೆ ಲೋಹದ ಬಳಿ ಜಾಗ ಇಕ್ಕಟ್ಟಾಗುತ್ತದೆ, ಚಿಕ್ಕ ಗುಂಪುಗಳನ್ನು ತೊಡಿಸಿದರೆ ಸಡಿಲವಾಗುತ್ತದೆ. ನೀವು ಹೇಳಿದ ಬೇಲಿ ಇದೇ.

ಎಲೆಕ್ಟ್ರಾನಿನ ವಿಷಯ ಬೇರೆ. ಈ ಲಿಗಾಂಡಿನ ಉಂಗುರ ಮತ್ತು ತೋಳುಗಳ ಉದ್ದಕ್ಕೂ ಹರಡಿರುವ ಬಂಧವ್ಯವಸ್ಥೆ ಒಂದೆರಡು ಎಲೆಕ್ಟ್ರಾನ್‌ಗಳನ್ನು ತನ್ನಲ್ಲಿ ಇರಿಸಿಕೊಳ್ಳಬಲ್ಲದು. ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಳ್ಳದ ಶೂನ್ಯ ಸ್ಥಿತಿಯಲ್ಲಿದೆ ಎಂದು ಕಾಗದದ ಮೇಲೆ ಬರೆದರೂ, ಅಳೆದು ನೋಡಿದಾಗ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಎರಡರ ಸ್ಥಿತಿಗೆ ಹತ್ತಿರವಿದ್ದು, ಮಿಕ್ಕ ಎಲೆಕ್ಟ್ರಾನ್‌ಗಳು ಲಿಗಾಂಡಿನ ಬಳಿ ಇರುವುದು ಕಂಡುಬರುತ್ತದೆ. ಬೇಕಾದಾಗ ತೆಗೆದುಕೊಂಡು ಬೇಡವಾದಾಗ ಹಿಂದಿರುಗಿಸುವ ಈ ಅನುಕೂಲದಿಂದಾಗಿ, ಒಂಟಿಯಾಗಿ ಬಿಟ್ಟರೆ ಒಂದೊಂದೇ ಎಲೆಕ್ಟ್ರಾನಿಗೆ ಎಡವುತ್ತಿದ್ದ ಕಬ್ಬಿಣ ಪ್ಲಾಟಿನಮ್ಮಿನಂತೆ ಎರಡು ಎಲೆಕ್ಟ್ರಾನಿನ ಹೆಜ್ಜೆಗಳನ್ನೂ ಇಡಬಲ್ಲದು.

ಪ್ರಶ್ನೆ: ಎಲ್ಲರೂ ತುದಿಯ ಕಾರ್ಬನ್ನಿನ ಮಾತನ್ನೇ ಆಡುತ್ತಾರೆ. ಮಾರ್ಕೊವ್ನಿಕೊವ್ ನಿಯಮದಂತೆ ಗುಂಪು ಒಳಗಿನ ಕಾರ್ಬನ್ನಿಗೇ ಬೇಕಾದವರಿಗೆ ಈ ಲೋಹಗಳಿಂದ ಏನು ಪ್ರಯೋಜನ? ಅದಕ್ಕೆ ಆಮ್ಲವಿದ್ದರೆ ಸಾಕಲ್ಲವೇ? (ಎಂ.ಎಸ್ಸಿ. ವಿದ್ಯಾರ್ಥಿ)

ಉತ್ತರ: ಪ್ರಶ್ನೆ ಚೆನ್ನಾಗಿದೆ, ಇದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ವ್ಲಾದಿಮಿರ್ ಮಾರ್ಕೊವ್ನಿಕೊವ್ 1870ರಲ್ಲಿ ಪ್ರಕಟಿಸಿದ ನಿಯಮದ ತಿರುಳು ಇಷ್ಟು: ದ್ವಿಬಂಧಕ್ಕೆ ಹೈಡ್ರೋಜನ್ ಬ್ರೋಮೈಡ್‌ನಂಥದು ಸೇರುವಾಗ, ಹೆಚ್ಚು ಹೈಡ್ರೋಜನ್‌ಗಳಿರುವ ಕಾರ್ಬನ್ನಿಗೇ ಹೈಡ್ರೋಜನ್ ಹೋಗುತ್ತದೆ, ಇನ್ನೊಂದು ಭಾಗ ಪಕ್ಕದ ಕಾರ್ಬನ್ನಿಗೆ ಹೋಗುತ್ತದೆ. ಪ್ರಬಲ ಆಮ್ಲ ಬಳಸಿ ನೀರನ್ನು ಸೇರಿಸಿದರೂ ಇದೇ ಫಲ. ಆದರೆ ಆಮ್ಲದ ದಾರಿಯಲ್ಲಿ ನಡುವೆ ಕಾರ್ಬನ್ ಧನ ಅಯಾನು ಹುಟ್ಟುತ್ತದೆ. ಅದು ಅಸ್ಥಿರ ಪ್ರಾಣಿ. ಪಕ್ಕದ ಹೈಡ್ರೋಜನ್ನನ್ನೋ ಮೀಥೈಲನ್ನೋ ಎಳೆದುಕೊಂಡು ಸರಪಳಿಯ ಆಕಾರವನ್ನೇ ಬದಲಿಸುತ್ತದೆ. ಅಣುವಿನ ಬೇರೊಂದು ಮೂಲೆಯಲ್ಲಿ ಆಮ್ಲಕ್ಕೆ ಹೆದರುವ ಗುಂಪಿದ್ದರೆ ಅದೂ ಕೆಡುತ್ತದೆ. ಹತ್ತಾರು ಹಂತಗಳಲ್ಲಿ ಕಟ್ಟಿದ ಔಷಧದ ಅಣುವಿಗೆ ಕೊನೆಯಲ್ಲಿ ಗಂಧಕಾಮ್ಲ ಸುರಿಯುವ ಧೈರ್ಯ ಯಾರಿಗೂ ಬರುವುದಿಲ್ಲ.

ಕೋಬಾಲ್ಟ್, ಮ್ಯಾಂಗನೀಸ್, ಕಬ್ಬಿಣಗಳು ಇಲ್ಲಿ ತಮ್ಮದೇ ಆದ ಒಂದು ದಾರಿ ತೋರಿಸಿವೆ. ಲೋಹ ಸಿಲೇನಿನಿಂದ ಒಂದು ಹೈಡ್ರೋಜನ್ನನ್ನು ಪಡೆದುಕೊಂಡು ಹೈಡ್ರೈಡ್ ಆಗುತ್ತದೆ. ಈ ಲೋಹ–ಹೈಡ್ರೋಜನ್ ಬಂಧ ತೀರ ದುರ್ಬಲ. ಆದ್ದರಿಂದ ಆಲ್ಕೀನ್ ಹತ್ತಿರ ಬಂದಾಗ ಲೋಹ ಅದನ್ನು ಹಿಡಿಯುವ ಗೋಜಿಗೇ ಹೋಗದೆ, ಹೈಡ್ರೋಜನ್ ಪರಮಾಣುವೊಂದನ್ನು ಇಡಿಯಾಗಿ, ಅಂದರೆ ಒಂದು ಪ್ರೋಟಾನ್ ಮತ್ತು ಒಂದು ಎಲೆಕ್ಟ್ರಾನ್ ಸಮೇತ, ತುದಿಯ ಕಾರ್ಬನ್ನಿಗೆ ದಾಟಿಸಿಬಿಡುತ್ತದೆ. ಪಕ್ಕದ ಕಾರ್ಬನ್ನಿನಲ್ಲಿ ಒಂಟಿ ಎಲೆಕ್ಟ್ರಾನ್ ಉಳಿದು ಅದು ರ್‍ಯಾಡಿಕಲ್ ಆಗುತ್ತದೆ. ಆ ರ್‍ಯಾಡಿಕಲ್ಲಿಗೆ ಆಕ್ಸಿಜನ್ ಸಿಕ್ಕರೆ ಕೊನೆಗೆ ಆಲ್ಕೊಹಾಲ್, ಸಾರಜನಕದ ತಕ್ಕ ಸಂಯುಕ್ತ ಸಿಕ್ಕರೆ ಅಮೀನಿನ ಕಡೆಗೆ ದಾರಿ, ಇನ್ನೊಂದು ಎಲೆಕ್ಟ್ರಾನ್ ಕೊರತೆಯ ಆಲ್ಕೀನ್ ಸಿಕ್ಕರೆ ಹೊಸ ಕಾರ್ಬನ್–ಕಾರ್ಬನ್ ಬಂಧ. ಸೇರುವ ಜಾಗ ಮಾರ್ಕೊವ್ನಿಕೊವ್ ಹೇಳಿದ್ದೇ, ಆದರೆ ಆಮ್ಲವಿಲ್ಲ, ಧನ ಅಯಾನಿನ ಅಲೆದಾಟವೂ ಇಲ್ಲ.

ಜಪಾನಿನ ತೆರುವಾಕಿ ಮುಕೈಯಾಮ ಅವರ ತಂಡ 1989ರಲ್ಲಿ ಕೋಬಾಲ್ಟ್, ಆಕ್ಸಿಜನ್, ಸಿಲೇನ್‌ಗಳ ಮೂಲಕ ಆಲ್ಕೀನಿಗೆ ಆಕ್ಸಿಜನ್ ಕೂಡಿಸುವ ಕ್ರಮವನ್ನು ಪ್ರಕಟಿಸಿತು. ಅದರ ಒಳಗಿನ ತತ್ತ್ವ ಎಷ್ಟು ಕಡೆ ಬಳಕೆಗೆ ಬರಬಲ್ಲದೆಂಬುದು ಪೂರ್ತಿ ಮನಗಾಣಲು ಎರಡು ದಶಕಗಳೇ ಹಿಡಿದವು. 2014ರಲ್ಲಿ ಫಿಲ್ ಬರಾನ್ ಅವರ ತಂಡ ಕಬ್ಬಿಣದ ಅಸಿಟೈಲ್‌ಅಸಿಟೊನೇಟ್ ಎಂಬ ಕೆಂಪು ಪುಡಿಯಿಂದ ಎರಡು ಆಲ್ಕೀನ್‌ಗಳನ್ನು ಒಂದಕ್ಕೊಂದು ಬೆಸೆದು ತೋರಿಸಿತು. ನಾನು ವಿದ್ಯಾರ್ಥಿಯಾಗಿದ್ದಾಗ ಮುಕೈಯಾಮ ಕ್ರಮವನ್ನು ಮೊದಲ ಬಾರಿ ಕೈಯಾರೆ ಮಾಡಿದ್ದು ನೆನಪಿದೆ. ಕುಪ್ಪಿಯಲ್ಲಿ ನಸುಗುಲಾಬಿ ಬಣ್ಣವಿತ್ತು. ಆಕ್ಸಿಜನ್ ತುಂಬಿದ ಬಲೂನನ್ನು ಸೂಜಿಯ ಮೂಲಕ ಜೋಡಿಸಿ, ಸಿಲೇನನ್ನು ಹನಿಹನಿಯಾಗಿ ಬಿಟ್ಟೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗುಲಾಬಿ ಮಸುಕಾಗಿ, ಕೋಬಾಲ್ಟ್ ಮೂರರ ಸ್ಥಿತಿಗೆ ಏರಿದ ಗುರುತಾಗಿ ಕುಪ್ಪಿ ಕಡುಹಸಿರಾಯಿತು. ಬಲೂನ್ ನಿಧಾನವಾಗಿ ಕುಗ್ಗತೊಡಗಿತು. ಗಾಳಿ ತಾಕದಂತೆ ಕಾಯುವ ಎಚ್ಚರ ಬೇಡದ ಕೆಲಸ ಅದು. ಪ್ಲಾಟಿನಮ್ಮಿನ ಹೆಜ್ಜೆಯಲ್ಲಿ ನಡೆಯಲು ಕಬ್ಬಿಣವನ್ನು ಪಳಗಿಸುವುದು ಒಂದು ಬಗೆಯ ಸಾಧನೆ. ಈ ಲೋಹಗಳ ಸಹಜ ಗುಣವಾದ ಒಂದು ಎಲೆಕ್ಟ್ರಾನಿನ ನಡಿಗೆಯನ್ನೇ ಬಳಸಿಕೊಳ್ಳುವುದು ಇನ್ನೊಂದು ಬಗೆ. ನನಗೆ ಎರಡನೆಯದರ ಮೇಲೆಯೇ ಹೆಚ್ಚು ಭರವಸೆ.

ಪ್ರಶ್ನೆ: ಕಬ್ಬಿಣ ಸಾಕು ಎಂದಾದರೆ ಒಂದು ಮೊಳೆಯನ್ನೋ ತುಕ್ಕನ್ನೋ ಹಾಕಿದರೆ ಕೆಲಸ ನಡೆಯುತ್ತದೆಯೇ? (ಪಿ.ಯು.ಸಿ. ವಿದ್ಯಾರ್ಥಿ)

ಉತ್ತರ: ಇಲ್ಲ. ಮೊಳೆಯಲ್ಲಿ ಹೊರಮೈಯ ಪರಮಾಣುಗಳಷ್ಟೇ ಆಲ್ಕೀನಿಗೆ ಸಿಗುತ್ತವೆ, ಅವುಗಳನ್ನೂ ಆಕ್ಸೈಡ್ ಪದರ ಮುಚ್ಚಿರುತ್ತದೆ. ತುಕ್ಕಿನಲ್ಲಿ ಆಕ್ಸಿಜನ್ ಕಬ್ಬಿಣವನ್ನು ಎಲ್ಲ ಕಡೆಯಿಂದಲೂ ಬಿಗಿಯಾಗಿ ಹಿಡಿದಿದೆ. ನಾವು ಮಾತಾಡುತ್ತಿರುವುದು ದ್ರಾವಕದಲ್ಲಿ ಕರಗಿ, ಒಂದೊಂದು ಪರಮಾಣುವೂ ತನ್ನ ಲಿಗಾಂಡಿನೊಡನೆ ಬಿಡಿಬಿಡಿಯಾಗಿ ಓಡಾಡುವ ಕಬ್ಬಿಣದ ವಿಷಯ. ಅಂದಹಾಗೆ, ಚಿರಿಕ್ ತಂಡದ ಆ ಕಬ್ಬಿಣ ಗಾಳಿ ತಾಕಿದರೆ ಕೆಡುತ್ತದೆ. ಅದನ್ನು ಜಡ ಅನಿಲ ತುಂಬಿದ ಗ್ಲವ್ ಬಾಕ್ಸಿನೊಳಗೆ, ರಬ್ಬರ್ ಕೈಗವಸುಗಳ ಮೂಲಕ ಕೈ ತೂರಿಸಿಯೇ ತೂಗಬೇಕು. ಗಾಳಿಯಲ್ಲಿಡಬಹುದಾದ ಲವಣದಿಂದ ಆರಂಭಿಸಿ, ಕುಪ್ಪಿಯೊಳಗೇ ಅದನ್ನು ಎಚ್ಚರಿಸುವ ಉಪಾಯಗಳು ಆಮೇಲೆ ಬಂದವು.

ಪ್ರಶ್ನೆ: ಅಗ್ಗದ ಲೋಹ ಎನ್ನುತ್ತೀರಿ. ನಮ್ಮ ಪ್ರಯೋಗಾಲಯದಲ್ಲಿ ತಾಮ್ರದ ಒಂದು ವೇಗವರ್ಧಕಕ್ಕೆ ತರಿಸಿದ ಲಿಗಾಂಡಿನ ಬಿಲ್ ನೋಡಿ ಮಾರ್ಗದರ್ಶಕರು ಗಾಬರಿಯಾದರು. ಇದರಲ್ಲಿ ಉಳಿತಾಯ ಎಲ್ಲಿದೆ? (ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಉಳಿತಾಯವಿಲ್ಲ, ಹೆಚ್ಚಿನ ಸಂದರ್ಭಗಳಲ್ಲಿ. ನೀವು ಹೇಳುತ್ತಿರುವುದು ಬಹುಶಃ ತಾಮ್ರದ ಹೈಡ್ರೈಡಿನಿಂದ ಆಲ್ಕೀನಿಗೆ ಅಮೀನ್ ಸೇರಿಸುವ ಕ್ರಮ. ಜಪಾನಿನ ಹಿರಾನೊ–ಮಿಯುರಾ ತಂಡ ಮತ್ತು ಅಮೆರಿಕದ ಸ್ಟೀಫನ್ ಬಕ್‌ವಾಲ್ಡ್ ತಂಡ 2013ರಲ್ಲಿ ಇದನ್ನು ಬೇರೆ ಬೇರೆಯಾಗಿ ಪ್ರಕಟಿಸಿದವು. ಅಲ್ಲಿ ತಾಮ್ರದ ಅಸಿಟೇಟ್ ಬಾಟಲಿ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಕನ್ನಡಿ ಬಿಂಬಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಡುವ ಫಾಸ್ಫೀನ್ ಲಿಗಾಂಡನ್ನು ಮಾತ್ರ ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತೇವೆ. ಅಷ್ಟೇ ಅಲ್ಲ, ಪ್ಲಾಟಿನಮ್ ಹತ್ತು ಲಕ್ಷಕ್ಕೆ ಕೆಲವು ಭಾಗಗಳಲ್ಲೇ ಮುಗಿಸುವ ಕೆಲಸಕ್ಕೆ ಹೇರಳ ಲೋಹಗಳ ಎಷ್ಟೋ ಕ್ರಮಗಳು ನೂರಕ್ಕೆ ಒಂದರಿಂದ ಹತ್ತು ಭಾಗದಷ್ಟು ವೇಗವರ್ಧಕ ಕೇಳುತ್ತವೆ. ಹೀಗಾಗಿ ‘ಅಗ್ಗ’ ಎಂಬ ಒಂದೇ ಪದವನ್ನು ಮೊದಲ ಸಾಲಿನಲ್ಲಿಟ್ಟು ಬರೆದ ಲೇಖನಗಳನ್ನು ನಾನು ಸ್ವಲ್ಪ ಸಂಶಯದಿಂದಲೇ ಓದುತ್ತೇನೆ.

ಹಾಗಾದರೆ ಆ ಕ್ರಮವನ್ನು ಏಕೆ ಬಳಸಬೇಕು? ಫಲ ಬೇರೆ ಕಡೆ ಸುಲಭಕ್ಕೆ ಸಿಗದು ಎಂಬ ಕಾರಣಕ್ಕೆ. ಬೆಂಜೀನ್ ಉಂಗುರಕ್ಕೆ ದ್ವಿಬಂಧ ಅಂಟಿರುವ ಸ್ಟೈರೀನನ್ನು ಕೊಟ್ಟರೆ ಸಾರಜನಕ ಬೆಂಜೀನ್ ಉಂಗುರದ ಪಕ್ಕದ ಕಾರ್ಬನ್ನಿಗೇ ಸೇರುತ್ತದೆ, ಅದೂ ಒಂದೇ ಕೈಯ ಅಣುವಾಗಿ. 1-ಆಕ್ಟೀನ್‌ನಂತಹ ಬರಿ ಸರಪಳಿಯನ್ನು ಕೊಟ್ಟರೆ ತಾಮ್ರ ಇಕ್ಕಟ್ಟು ಕಡಿಮೆಯಿರುವ ತುದಿಯ ಕಾರ್ಬನ್ನಿಗೆ ಕೂತುಕೊಳ್ಳುತ್ತದೆ, ಸಾರಜನಕವೂ ಅಲ್ಲಿಗೇ ಬರುತ್ತದೆ. ಮಾರ್ಗದರ್ಶಕರಿಗೆ ಬಿಲ್ಲಿನ ಜೊತೆ ಈ ಫಲವನ್ನೂ ತೋರಿಸಿ.

ಪ್ರಶ್ನೆ: ಕಬ್ಬಿಣದ ಲವಣ ಬಳಸಿ ಆಲ್ಕೀನಿಗೆ ಸಿಲೇನ್ ಸೇರಿಸುವ ಒಂದು ಪ್ರಯೋಗ ನನ್ನ ಕೈಯಲ್ಲಿ ಚೆನ್ನಾಗಿ ನಡೆಯುತ್ತದೆ, ಪಕ್ಕದ ಬೆಂಚಿನವರ ಕೈಯಲ್ಲಿ ನಡೆಯುವುದಿಲ್ಲ. ತಪ್ಪು ಯಾರದು? (ಸಂಶೋಧನಾ ವಿದ್ಯಾರ್ಥಿ)

ಉತ್ತರ: ತಪ್ಪು ಕಬ್ಬಿಣದಲ್ಲಿ ಅಡಗಿರುವ ಬೇರೊಂದು ಲೋಹದ್ದಾಗಿರಬಹುದು. ಕಬ್ಬಿಣದ ಕ್ಲೋರೈಡಿನಿಂದ ಬೆಂಜೀನ್ ಉಂಗುರಕ್ಕೆ ಸಾರಜನಕವನ್ನೂ ಆಕ್ಸಿಜನ್ನನ್ನೂ ಜೋಡಿಸುವ ಕೆಲವು ಕ್ರಮಗಳು ಒಂದು ಕಾಲದಲ್ಲಿ ಹೆಸರು ಮಾಡಿದ್ದವು. ಲವಣದ ಮೂಲ ಬದಲಾದರೆ ಇಳುವರಿಯೂ ಬದಲಾಗುವುದನ್ನು ಕಂಡು ಆ ಕ್ರಮಗಳನ್ನು ಕಂಡುಹಿಡಿದ ಕಾರ್ಸ್ಟೆನ್ ಬೋಲ್ಮ್ ಅವರೇ ಬಕ್‌ವಾಲ್ಡ್ ಜೊತೆಗೂಡಿ ತನಿಖೆ ನಡೆಸಿದರು. ಹತ್ತು ಲಕ್ಷದ ಕೆಲವು ಭಾಗಗಳಷ್ಟು ಮಾತ್ರ ಬೆರೆತಿದ್ದ ತಾಮ್ರ ಈ ಫಲಗಳಲ್ಲಿ ದೊಡ್ಡ ಪಾತ್ರ ವಹಿಸುತ್ತಿದೆ ಎಂದು 2009ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ತನ್ನದೇ ಫಲಿತಾಂಶವನ್ನು ಹೀಗೆ ತೆರೆದು ತಿದ್ದುವುದು ಅಪರೂಪದ ದೊಡ್ಡತನ.

ನಿಮ್ಮ ಕ್ರಿಯೆಗೆ ಪ್ಲಾಟಿನಮ್ಮಿನ ಮೇಲೆ ಕಣ್ಣಿಡಬೇಕು. ನನ್ನ ಸಂಶೋಧನೆಯ ದಿನಗಳಲ್ಲಿ ಕೋಬಾಲ್ಟಿನ ಒಂದು ಪ್ರಯೋಗ ಒಂದೇ ಒಂದು ಕುಪ್ಪಿಯಲ್ಲಿ ಮಾತ್ರ ನಡೆಯುತ್ತಿತ್ತು. ಮೂರು ವಾರ ಲಿಗಾಂಡನ್ನೂ ದ್ರಾವಕವನ್ನೂ ಬೈದ ಮೇಲೆ, ಆ ಕುಪ್ಪಿಯಲ್ಲಿ ತಿರುಗುತ್ತಿದ್ದ ಮ್ಯಾಗ್ನೆಟಿಕ್ ಬಾರಿನ ಬಿಳಿ ಟೆಫ್ಲಾನ್ ಹೊದಿಕೆಯ ಮೇಲೆ ಸಣ್ಣ ಬೂದು ಕಲೆಯೊಂದು ಕಂಡಿತು. ಹಿಂದೆ ಯಾರೋ ಪ್ಲಾಟಿನಮ್ಮಿಗೆ ಬಳಸಿದ್ದ ಬಾರ್ ಅದು. ಹೊಸ ಬಾರ್ ಹಾಕಿದೆ, ನನ್ನ ‘ಕೋಬಾಲ್ಟ್’ ಕ್ರಿಯೆ ನಿಂತುಹೋಯಿತು. ಆದ್ದರಿಂದ ಮೊದಲು ಹೊಸ ಗಾಜು ಮತ್ತು ಹೊಸ ಬಾರಿನಲ್ಲಿ ಪ್ರಯೋಗವನ್ನು ಮತ್ತೆ ಮಾಡಿ. ಬೇರೆ ಬೇರೆ ಮೂಲದ, ಹೆಚ್ಚು ಶುದ್ಧಿಯ ಲವಣಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಕಬ್ಬಿಣವನ್ನೇ ಹಾಕದೆ, ಅತ್ಯಲ್ಪ ಪ್ಲಾಟಿನಮ್ ಮಾತ್ರ ಹಾಕಿದ ಒಂದು ಕುಪ್ಪಿಯನ್ನೂ ಇಡಿ. ಲವಣವನ್ನು ಅತ್ಯಲ್ಪ ಲೋಹವನ್ನೂ ಅಳೆಯುವ ಐಸಿಪಿ–ಎಂಎಸ್ ಪರೀಕ್ಷೆಗೆ ಕಳಿಸಿ ಅಂಕಿ ತರಿಸಿಕೊಳ್ಳಿ. ಇವೆಲ್ಲ ಮುಗಿದ ಮೇಲೂ ಕಬ್ಬಿಣವೇ ಕೆಲಸ ಮಾಡುತ್ತಿದ್ದರೆ ಪಕ್ಕದ ಬೆಂಚಿನವರ ಗಾಳಿ ಸೋರುವ ಕುಪ್ಪಿಯ ಕಡೆ ನೋಡಿದರೆ ಸಾಕು.

ಪ್ರಶ್ನೆ: ಹೇರಳ ಲೋಹ ಎಂದರೆ ವಿಷವಿಲ್ಲದ, ಪರಿಸರಸ್ನೇಹಿ ಲೋಹ ಎಂದು ತಿಳಿಯಬಹುದೇ? (ಔಷಧ ಕಂಪನಿಯ ಉದ್ಯೋಗಿ)

ಉತ್ತರ: ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಔಷಧಗಳಲ್ಲಿ ಉಳಿಯಬಹುದಾದ ಲೋಹಗಳಿಗೆ ಔಷಧಗಳ ಗುಣಮಟ್ಟಕ್ಕೆ ನಿಯಮ ರೂಪಿಸುವ ಅಂತರರಾಷ್ಟ್ರೀಯ ಐಸಿಎಚ್ ಸಂಸ್ಥೆಯ ಮಾರ್ಗಸೂಚಿ, ಕ್ಯೂ3ಡಿ, ಮಿತಿ ಹಾಕಿದೆ. ಬಾಯಿಯ ಮೂಲಕ ಸೇವಿಸುವ ಔಷಧದಲ್ಲಿ ಪೆಲ್ಲೇಡಿಯಮ್ಮಿಗೆ ದಿನಕ್ಕೆ 100 ಮೈಕ್ರೊಗ್ರಾಂ, ಕೋಬಾಲ್ಟಿಗೆ 50. ಅಂದರೆ ಹೇರಳವೆನ್ನಿಸಿಕೊಂಡ ಕೋಬಾಲ್ಟಿನ ಮೇಲೆಯೇ ಕಟ್ಟುಪಾಡು ಹೆಚ್ಚು. ಕಬ್ಬಿಣ, ಮ್ಯಾಂಗನೀಸ್‌ಗಳ ವಿಷಗುಣ ಕಡಿಮೆಯೆಂದು ಅವುಗಳಿಗೆ ಅಲ್ಲಿ ಮಿತಿಯನ್ನೇ ಗೊತ್ತುಪಡಿಸಿಲ್ಲ. ನಿಕ್ಕಲ್ ಕಾರ್ಬನ್ ಮಾನಾಕ್ಸೈಡಿನೊಡನೆ ಸೇರಿ ಹುಟ್ಟುವ ಕಾರ್ಬೊನಿಲ್ ಅತಿ ಘೋರ ವಿಷ. ಕೋಬಾಲ್ಟಿನ ‘ಹೇರಳ’ವೂ ಭೂಚಿಪ್ಪಿನ ಸರಾಸರಿಯ ಲೆಕ್ಕ ಮಾತ್ರ. ಗಣಿಯಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಒಂದರಿಂದಲೇ ಬರುತ್ತದೆ, ಅದಕ್ಕಾಗಿ ಬ್ಯಾಟರಿಯವರೂ ಸಾಲಿನಲ್ಲಿ ನಿಂತಿದ್ದಾರೆ.

ಪ್ರಶ್ನೆ: ಕಾರ್ಖಾನೆಗಳಲ್ಲಿ ಇವು ಎಂದಾದರೂ ಬಳಕೆಗೆ ಬರುತ್ತವೆಯೇ? (ಹಲವರು)

ಉತ್ತರ: ಬಂದು ದಶಕಗಳೇ ಆಗಿವೆ. ನೈಲಾನ್ 6,6 ತಯಾರಿಗೆ ಬೇಕಾದ ಅಡಿಪೊನೈಟ್ರೈಲನ್ನು ಬ್ಯುಟಾಡೈಯೀನಿಗೆ ಎರಡು ಬಾರಿ ಹೈಡ್ರೋಜನ್ ಸಯನೈಡ್ ಸೇರಿಸಿ ಮಾಡುವ ಡುಪಾಂಟ್ ವಿಧಾನ 1970ರ ದಶಕದ ಆರಂಭದಿಂದಲೂ ನಿಕ್ಕಲ್ ಮೇಲೆ ನಡೆಯುತ್ತಿದೆ. ಅದರಲ್ಲೊಂದು ಸೊಗಸಿದೆ. ಮೊದಲ ಸೇರ್ಪಡೆಯಲ್ಲಿ ಒಂದು ಪಾಲು ತಪ್ಪು ಜಾಗಕ್ಕೆ ಹೋಗಿ ಕವಲೊಡೆದ ಅಣು ಹುಟ್ಟುತ್ತದೆ. ಅದೇ ನಿಕ್ಕಲ್ ಅದನ್ನು ನೇರ ಸರಪಳಿಗೆ ತಿರುಗಿಸುತ್ತದೆ. ಆಮೇಲೆ ಒಳಗೆ ಉಳಿದ ದ್ವಿಬಂಧವನ್ನು ತುದಿಗೆ ನಡೆಸಿಕೊಂಡು ಬಂದು, ಎರಡನೆಯ ಸಯನೈಡನ್ನು ತುದಿಯ ಕಾರ್ಬನ್ನಿಗೆ ಕೂಡಿಸುತ್ತದೆ. ಪ್ಲಾಟಿನಮ್ಮಿನ ಕೈಯಲ್ಲಿ ಚಾಳಿಯಾಗಿದ್ದ ಅಲೆದಾಟ ಇಲ್ಲಿ ಉಪಕಾರಿಯಾಗಿದೆ. ಈಗ ಪ್ರಯೋಗಾಲಯಗಳಲ್ಲಿ ‘ಸರಪಳಿ ನಡಿಗೆ’ ಎಂದು ಹೆಸರಾದ ನಿಕ್ಕಲ್ ಹೈಡ್ರೈಡ್ ಕ್ರಮಗಳ ಮರ್ಮವೂ ಇದೇ. ದ್ವಿಬಂಧ ಬೇರೆ ಬೇರೆ ಜಾಗದಲ್ಲಿರುವ ಆಲ್ಕೀನ್‌ಗಳ ಬೆರಕೆಯನ್ನೇ ಕೊಟ್ಟರೂ, ನಿಕ್ಕಲ್ ಹೈಡ್ರೋಜನ್ನನ್ನು ಸೇರಿಸುತ್ತ, ತೆಗೆಯುತ್ತ, ಮತ್ತೆ ಸೇರಿಸುತ್ತ ಸಾಗಿ ಒಂದೇ ಪದಾರ್ಥವನ್ನು ಕೈಗಿಡಬಲ್ಲದು.

ಪ್ರಶ್ನೆ: ಈ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಬಗೆಹರಿಯದ ಒಂದು ಸಮಸ್ಯೆ ಹೇಳಿ. (ಎಂ.ಎಸ್ಸಿ. ವಿದ್ಯಾರ್ಥಿನಿ)

ಉತ್ತರ: ಕಾಗದದ ಮೇಲೆ 3-ಆಕ್ಟೀನನ್ನು ಬರೆದುಕೊಳ್ಳಿ. ದ್ವಿಬಂಧದ ಒಂದು ಕಡೆ ಎರಡು ಕಾರ್ಬನ್‌ಗಳ ಈಥೈಲ್, ಇನ್ನೊಂದು ಕಡೆ ನಾಲ್ಕು ಕಾರ್ಬನ್‌ಗಳ ಬ್ಯುಟೈಲ್. ಈಗ ದ್ವಿಬಂಧವನ್ನು ಅಲೆದಾಡಲು ಬಿಡದೆ, ಈಥೈಲಿನ ಪಕ್ಕದ ಕಾರ್ಬನ್ನಿಗೆ ಮಾತ್ರ ಒಂದು ಗುಂಪನ್ನು ಸೇರಿಸಬೇಕು. ತುದಿಯ ದ್ವಿಬಂಧದಲ್ಲಿ ಎರಡು ಕಾರ್ಬನ್‌ಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ತೆರ, ಲಿಗಾಂಡಿನ ಇಕ್ಕಟ್ಟಿಗೂ ಈಥೈಲ್ ಬ್ಯುಟೈಲ್‌ಗಳ ಭೇದ ಅಷ್ಟಾಗಿ ತಿಳಿಯುವುದಿಲ್ಲ.

ಈಗ ಬಳಕೆಯಲ್ಲಿರುವ ಒಂದು ಉಪಾಯವೆಂದರೆ ಆಲ್ಕೀನಿನ ಹತ್ತಿರ ಲೋಹವನ್ನು ಕಟ್ಟಿಹಾಕುವ ಒಂದು ಗೂಟವನ್ನು ಮೊದಲೇ ನೆಡುವುದು. ಕೀತ್ ಎಂಗಲ್ ಅವರ ತಂಡ ಹೀಗೆ ಅಮಿನೊಕ್ವಿನೊಲಿನ್ ಎಂಬ ಗುಂಪನ್ನು ಅಮೈಡ್ ಮೂಲಕ ಜೋಡಿಸಿ, ಒಳಗಿನ ದ್ವಿಬಂಧದ ಎರಡು ಕಾರ್ಬನ್‌ಗಳಿಗೂ ನಿಕ್ಕಲ್ಲಿನಿಂದ ಎರಡು ಬೇರೆ ಬೇರೆ ಗುಂಪುಗಳನ್ನು ಲೆಕ್ಕ ತಪ್ಪದಂತೆ ಸೇರಿಸಿದೆ. ಫಲ ಅಚ್ಚುಕಟ್ಟು. ಆದರೆ ಗೂಟ ನೆಡಲು ಒಂದು ಹಂತ, ಕೆಲಸ ಮುಗಿದ ಮೇಲೆ ಕೀಳಲು ಇನ್ನೊಂದು ಹಂತ, ಮತ್ತು ಅದನ್ನು ನೆಡಲು ಅಣುವಿನಲ್ಲಿ ಒಂದು ಕಾರ್ಬಾಕ್ಸಿಲಿಕ್ ಆಮ್ಲದ ಗುಂಪಾದರೂ ಇರಬೇಕು. ನೀವು ಬರೆದುಕೊಂಡ 3-ಆಕ್ಟೀನಿನಲ್ಲಿ ಅಂಥದೇನೂ ಇಲ್ಲ, ಎಂಟು ಕಾರ್ಬನ್, ಹದಿನಾರು ಹೈಡ್ರೋಜನ್ ಅಷ್ಟೇ. ಅದಕ್ಕೆ ಗೂಟವಿಲ್ಲದೆ ಒಂದು ಕಬ್ಬಿಣವನ್ನು ಹುಡುಕಿ.